ಚೌಡಮ್ಮನ ಮುಂದೆ ಹಾಯ್ದ ಜೀಪು

ಯಾರೋ ಹೇಳಿದ ಕತೆ ಅಲ್ಲ ಇದು. ನಮ್ಮ ಚಿಕ್ಕಮ್ಮನ ಮಗಳು ಗಂಗಾಮಣಿಗೆ ಆಗಿದ್ದು. ಹಾನುಬಾಳು ಕಡೆ ಆಶಾ ಕಾರ್ಯಕರ್ತೆ ಅವಳು. ಹೋದ ವರ್ಷ ಮೀಟಿಂಗ್ ಮುಗಿಸಿ, ಕೊನೇ ಬಸ್ಸಿಳಿದು ಒಬ್ಬಳೇ ನಡ್ಕೊಂಡು ಬರ್ತಿದ್ಲು. ಊರು ಕಾಯೋ ಚೌಡಮ್ಮನ ಕಲ್ಲಿನ ಪಕ್ಕ ಒಂದು ಬಾವಿ ಐತೆ. ಅಲ್ಲಿ ಬಟ್ಟೆ ಒಗೆಯೋ ಸದ್ದು... ಥಪ್... ಥಪ್... ಆ ಬಾವಿ ಬತ್ತಿ ಹತ್ತು ವರ್ಷ ಆಗೈತೆ.

ಆಮೇಲೆ ಕಿವಿ ಹತ್ರಾನೇ ಪಿಸುದನಿ.

"ಅಕ್ಕಾ... ಈ ದಾರೀಲಿ ನಾನು ಹೋಗ್ಬೋದಾ?"

ದನಿ ಗುರುತು ಸಿಕ್ತು. ಅದೇ ಊರ ದ್ಯಾವಯ್ಯನ ಹಿರಿ ಸೊಸೆ ಕೆಂಚಮ್ಮ... ಸತ್ತು ಎರಡು ವರ್ಷ ಆಗಿತ್ತು.

ಅವಳು ಸತ್ತ ಬಗೆ ಹೇಳೋಕೇ ಹೇಸಿಗೆ ಆಗುತ್ತೆ. ಮೂರು ಮಕ್ಕಳಾಗಿದ್ವು. ಕಾಪರ್-ಟಿ ಹಾಕಿಸ್ಕೋತೀನಿ ಅಂದ್ರೆ ಮಾವ ದ್ಯಾವಯ್ಯ ಬಿಡಲಿಲ್ಲ. ನಾಲ್ಕನೇದು ಹೊಟ್ಟೇಲಿ ನಿಂತಾಗ ಗಂಡ ಯಾವುದೋ ಅಂಗಡಿಯಿಂದ ಮಾತ್ರೆ ತಂದು ನುಂಗಿಸಿದ. ನಾಲ್ಕು ದಿನ ರಕ್ತ ಹೋಯ್ತು. ಕೊನೆಗೆ ಜೀಪ್ ಹತ್ತಿಸಿದ್ರೆ, ಮೈಲಿಗೆಯೋಳು ಚೌಡಮ್ಮನ ಮುಂದೆ ಹಾಯಬಾರದು ಅಂತ ದ್ಯಾವಯ್ಯ ಸುತ್ತುದಾರಿ ಹಿಡಿಸಿದ. ಹನ್ನೆರಡು ಕಿಲೋಮೀಟರ್ ಸುತ್ತು. ಅರ್ಧ ದಾರೀಲೇ ಜೀವ ಹೋಯ್ತು. ವಾಪಸ್ ಬಂದು ಮೊದಲು ಮಾಡಿದ್ದೇನು ಗೊತ್ತಾ? ಗಂಜಲ ಹಾಕಿ ಜೀಪಿನ ಸೀಟು ತೊಳೆದ್ರು. ಥೂ!

ಗಂಗಾಮಣಿ ಅಂದ್ಲಂತೆ, "ಹೋಗ್ಬೋದು ಕಣವ್ವ." ಸದ್ದು ನಿಂತ್ಹೋಯ್ತು.

ಓಡಿ ಊರು ಸೇರಿದ್ರೆ, ದ್ಯಾವಯ್ಯನ ಮನೆ ಮುಂದೆ ಜೀಪ್ ನಿಂತೈತೆ. ಒಳಗೆ ಅವನ ಕಿರಿ ಸೊಸೆ ನಯನಾ. ಅದೇ ಅಂಗಡಿ ಮಾತ್ರೆ, ಸೀರೆಯೆಲ್ಲ ರಕ್ತ. ಆ ಮುದುಕ ಮತ್ತೆ ಸುತ್ತುದಾರೀನೇ ತೋರಿಸ್ತಾವ್ನೆ. ಒಂದು ಹೆಣ ಸಾಲದಾಗಿತ್ತೇನೋ ಅವನಿಗೆ.

ಗಂಗಾಮಣಿ ಜೀಪ್ ಹತ್ತಿ ನಯನಾ ಪಕ್ಕ ಕೂತ್ಲು. ಮೆಲ್ಲಗೆ ಕೇಳಿದ್ಲು, "ಚೌಡಮ್ಮನೂ ಹೆಂಗಸೇ ಅಲ್ವೇನಪ್ಪ ದ್ಯಾವಯ್ಯ?"

ನಯನಾ ಗಂಡ ರಾಜೇಶ್ ಅಪ್ಪನ ಮುಖಾನೂ ನೋಡದೆ ಗಾಡಿ ನೇರ ದಾರಿಗೆ ತಿರುಗಿಸಿದ. ಬಾವಿ ಹತ್ರ ಗಾಡಿ ನಿಧಾನ ಆಯ್ತು. ಹಿಂದಿನ ಬಾಗಿಲು ಕಿರ್... ಅಂತ ತೆಗೀತು. ಧಡ್ ಅಂತ ಮುಚ್ಕೊಂತು. ಯಾರೂ ತಿರುಗಿ ನೋಡಲಿಲ್ಲ.

ಆಸ್ಪತ್ರೇಲಿ ಡಾಕ್ಟರಮ್ಮ ಒಂದು ಮಾತೂ ಬೈಯಲಿಲ್ಲ. ಗರ್ಭ ಕ್ಲೀನ್ ಮಾಡಿ, ರಕ್ತ ಕೊಟ್ಟು ಉಳಿಸಿದ್ರು. ನಯನಾ ತಾನೇ ಕೇಳಿ ಕಾಪರ್-ಟಿ ಹಾಕಿಸ್ಕೊಂಡ್ಲು. ಮಾವನ ಅಪ್ಪಣೆಗೆ ಕಾಯಲಿಲ್ಲ.

ಬೆಳಗಿನ ಜಾವ ನರ್ಸ್ ಬಂದು ಗಂಗಾಮಣೀನ ಕೇಳಿದ್ರಂತೆ, "ನಿಮ್ ಜೀಪಲ್ಲಿ ಬಂದ ಇನ್ನೊಬ್ರು ಎದ್ದು ಎಲ್ಲಿಗ್ ಹೋದ್ರು?"

ಪಕ್ಕದ ಮಂಚ ಖಾಲಿ. ದಿಂಬಿನ ಮೇಲೆ ತಲೆ ಒತ್ತಿದ ಗುಳಿ ಹಾಗೇ ಇತ್ತು... ಇನ್ನೂ ಬೆಚ್ಚಗಿತ್ತು. ಬೇಕಾದ್ರೆ ಗಂಗಾಮಣೀನೇ ಕೇಳಿ. ಮುಟ್ಟಿ ನೋಡಿದ್ದು ಅವಳೇ.