ವಿಮಾನಗಳು ಇಳಿಯದ ಹೊತ್ತು

ಅಮೆರಿಕದ ಕಾಪೆಲ್ ಊರಿನ ಪರೀಕ್ಷಾ ಕೇಂದ್ರದಲ್ಲಿ ಸೊಸೆಗಾಗಿ ಕಾಯುತ್ತಿದ್ದ ವೃದ್ಧ ವೆಂಕಟಗಿರಿಯವರ ಕಿವಿಗೆ ಪಕ್ಕದ ಬೆಂಚಿನಿಂದ ಧಾರವಾಡದ ಕನ್ನಡ ಬಿತ್ತು. ಕೊರಿಯಾದಲ್ಲಿ ಬೆಳೆದ ನಿವೇದಿತಾ ಎರಡನೆಯ ಸಲ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಲು ಬಂದಿದ್ದಳು. ಜೊತೆಗೆ ಸೋದರಮಾವ ವಿಜಯ್.

“ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷಾದಾಗ ಇಂಗ್ಲಿಷಿಗೆ ಫಸ್ಟ್ ಗ್ರೇಡ್ ತಗೊಂಡಾಕಿ, ಇಲ್ಲಿ ಹೋದ ಸಲ ಮಾತಾಡೋದ್ರಾಗ ಯಾಕ ಕಡಿಮಿ ಬಂತು?”

“ಅಲ್ಲಿ ಮಾತಾಡೋದ ಇರಲಿಲ್ಲ ಮಾಮಾ. ಬರೇ ಕೇಳೋದು, ಓದೋದು. ನಾವು ಇಂಗ್ಲಿಷ್ ಕೇಳೋ ಅರ್ಧ ತಾಸು, ಸಪ್ಪಳ ಆಗಬಾರದಂತ, ದೇಶದಾಗ ಒಂದು ವಿಮಾನಾನೂ ಇಳಿಯಂಗಿಲ್ಲ.”

“ಸುಳ್ಳ ಹೇಳಬ್ಯಾಡ!”

“ಖರೇನ. ಮ್ಯಾಲೆ ಸುತ್ತಕೋತ ಕಾಯ್ತಾವ.”

ವೆಂಕಟಗಿರಿಯವರ ಕಾಫಿ ತುಟಿಯ ಬಳಿಯೇ ನಿಂತಿತು. ಮಕ್ಕಳ ಕಿವಿಗಾಗಿ ಒಂದು ದೇಶ ತನ್ನ ಆಕಾಶವನ್ನೇ ತಡೆದು ನಿಲ್ಲಿಸುವುದೆ!

“ಐಇಎಲ್‌ಟಿಎಸ್ ಪರೀಕ್ಷಾ ತಗೋಬೇಕಿತ್ತು. ಅದರಾಗ ಮಾತಾಡ್ಲಿಕ್ಕೆ ಎದುರಿಗೆ ಮನಷ್ಯಾರು ಇರ್ತಾರ,” ಎಂದ ವಿಜಯ್.

“ಮನಷ್ಯಾರನ್ನ ನೋಡಿದ್ರ ಇನ್ನೂ ಬಾಯಿ ಕಟ್ಟತದ. ಇಲ್ಲಿ ಬರೇ ಮೈಕ್. ಇವತ್ತೂ ಅಂಕ ಬರಲಿಲ್ಲಂದ್ರ ಆಸ್ಟಿನ್ ಯುನಿವರ್ಸಿಟಿ ಸೀಟು ಹೋತು.”

“ಈಗ ನನಗ ವಿಮಾನದ ಸುದ್ದಿ ಹೇಳಿದ್ಯಲ್ಲ, ಅದನ್ನ ಇಂಗ್ಲಿಷಿನಾಗ ಹೇಳು ನೋಡೂಣು.”

ಅವಳು ನೆಲ ನೋಡುತ್ತ ಮೆಲ್ಲಗೆ ಆರಂಭಿಸಿದಳು. ಪರೀಕ್ಷೆಗೆ ತಡವಾದ ಹುಡುಗರನ್ನು ಪೊಲೀಸರು ಬೈಕಿನಲ್ಲಿ ಕರೆತರುವುದನ್ನೂ ಗೇಟಿನ ಹೊರಗೆ ಕೈಮುಗಿದು ನಿಲ್ಲುವ ತಾಯಂದಿರನ್ನೂ ವರ್ಣಿಸುವಷ್ಟರಲ್ಲಿ ತಲೆ ಎತ್ತಿದ್ದಳು. ಒಳಗಿನಿಂದ ಹೆಸರು ಕರೆದರು, ಅವಳಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕರೆದರು.

“ಸಾಕವ್ವ, ಒಳಗ ನಡಿ,” ಎಂದು ವಿಜಯ್ ಎಬ್ಬಿಸಿದ. ಬಾಗಿಲು ಮುಟ್ಟುವವರೆಗೂ ಅವಳು ಇಂಗ್ಲಿಷಿನಲ್ಲಿ ಹೇಳುತ್ತಲೇ ಹೋದಳು.