ಮಂಚ ಹಿಡಿಸದ ಕೋಣೆ

ನಗ್ತೀಯೇನೇ? ನಗು, ನಗು! ಅತ್ತೆ ಕೂಗಾಡಿದ್ರೆ ಸೊಸೆಗೆ ಪುಕ್ಕಟೆ ನಾಟಕ. ಹೊಗೆಗೂ ತೆರಿಗೆಯಂತೆ... ಥೂ! ಪೆಟ್ರೋಲು ಹಾಕಿಸಿದ್ರೆ ಹೊಗೆ ತೆರಿಗೆ, ಗ್ಯಾಸು ಹಚ್ಚಿದ್ರೆ ಹೊಗೆ ತೆರಿಗೆ. "ಊರಾಚೆ ಬನ್ನಿ, ಗಾಳಿ ಚೆನ್ನಾಗಿದೆ" ಅಂತ ಸರ್ಕಾರದೋರು ಹಲ್ಲು ಕಿರಿದು ಸೈಟು ಮಾರಿದ್ರಲ್ಲ, ಅವರೇ ಈಗ "ಅಷ್ಟು ದೂರದಿಂದ ಓಡಾಡಿ ಗಾಳಿ ಕೆಡಿಸ್ತೀರಿ" ಅಂತಾರೆ!

ಏನಂದೆ? ಗಾಳಿ ಕೆಟ್ಟಿರೋದು ನಿಜಾನೇ ಅಂತೀಯಾ? ನಾನೇನು ಇಲ್ಲ ಅಂದ್ನಾ? ರಾತ್ರಿಯೆಲ್ಲಾ ಕೆಮ್ಮೋ ನನ್ನ ಎದೆಗೆ ಗೊತ್ತಿಲ್ವಾ? ಮೊದ್ಲು ಬಸ್ಸು ಬಿಟ್ಟು ಆಮೇಲೆ ತೆರಿಗೆ ಹಾಕ್ಬೇಕಿತ್ತು, ಅಷ್ಟೇ.

ಬೀದಿ ನೋಡು, ಹಲ್ಲು ಉದುರಿದ ಬಾಯಿ ಥರ ಆಗಿದೆ. ಟೈಲರಮ್ಮ ಮನೆ ಖಾಲಿ ಮಾಡ್ಕೊಂಡು ಹೋದ್ಲು, ಸೈಕಲ್ ರಿಪೇರಿಯವನು ಹೋದ. ಮೂಲೆಮನೆ ಮೇಷ್ಟ್ರು, ಕಾರು ತೊಳೆದ ನೀರನ್ನ ನಮ್ಮ ಬಾಗಿಲಿಗೆ ಹರಿಸ್ತಿದ್ದ ಆ ದೊಡ್ಡ ಮನುಷ್ಯರು, ಈಗ ಅದೇ ಕಾರಿಗೆ ಆರು ಜನರನ್ನ ತುರುಕ್ಕೊಂಡು ಕೆಲಸಕ್ಕೆ ಹೋಗ್ತಾರೆ. ಒಬ್ಬರ ಬೆವರು ಇನ್ನೊಬ್ಬರ ಮೂಗಿಗೆ... ಛೀ! ನಿನ್ನ ಗಂಡನೂ ಅದ್ರೊಳಗೇ ಮುದುರ್ಕೊಂಡು ಹೋಗ್ತಾನಲ್ಲ.

ಈಗ ನೀವೂ ಹೊರಟ್ರಿ, ಕಾರ್ಖಾನೆ ಪಕ್ಕದ ಆ ಗೂಡಿಗೆ. ಕೆಲಸಕ್ಕೆ ನಡೆದೇ ಹೋಗ್ಬಹುದಂತೆ. ಹೋಗಿ! ಅದೂ ಒಂದು ಮನೆಯಾ? ಪಕ್ಕದವರು ಕಕ್ಕಸಿಗೆ ನೀರು ಬಿಟ್ರೆ ಇತ್ತ ಗೋಡೆ ಗುಡುಗುತ್ತೆ. ಮೆಟ್ಟಿಲ ಮೇಲೆ ಯಾರದೋ ಒದ್ದೆ ಚಡ್ಡಿ ನೇತಾಡ್ತಾ... ಹೇಸಿಗೆ! ನನ್ನ ತಲೆ ಮೇಲೇ ತೊಟ್ಟಿಕ್ತು! ಒಳಕೋಣೆಗೆ ಮಂಚ ಹಾಕಿದ್ರೆ ಬಾಗಿಲು ಅರ್ಧಾನೇ ತೆರೆಯೋದು, ಅದೂ ಕಿಟಕಿಗೆ ಒತ್ತಿ ಹಾಕಿದ್ರೆ...

ಯಾಕೇ, ಪಾತ್ರೆ ಮೂಟೆಗೆ ತುಂಬೋದು ನಿಲ್ಲಿಸಿಬಿಟ್ಟೆ? ಹಾಗೇನು ನೋಡ್ತೀಯ? ಯಾರೋ ಹೇಳಿದ್ರಪ್ಪ. ಹಾಲಿನ ವ್ಯಾನಿನವನು ಹೇಳ್ದ. ಅವನ್ಯಾಕೆ ಮಂಚ ಅಳೀತಾನೆ ಅಂತೀಯಾ? ನೀನೇನೂ ಅಂದಿಲ್ಲ, ಗೊತ್ತು!

ಹೋಗಿದ್ದೆ. ಸಾಕಾ? ನೀವು ಕೆಲಸಕ್ಕೆ ಹೋದ್ಮೇಲೆ ಅವನ ವ್ಯಾನು ಹತ್ತಿ ಹೋಗಿದ್ದೆ. ಕಾವಲಿನವನನ್ನ ಗದರಿಸಿ ಬೀಗ ತೆಗೆಸ್ದೆ. ಇಲ್ಲಿ ನನ್ನ ಮಂಚಾನ ಸೆರಗಲ್ಲಿ ಅಳೆದು ಗುರುತಿಗೆ ಗಂಟು ಹಾಕ್ಕೊಂಡಿದ್ದೆ, ಅಲ್ಲಿ ಸೆರಗು ಹಾಸಿ ನೋಡ್ದೆ. ಗಂಡ ಹೆಂಡ್ತಿ ಕೂತು ಬೀರು ಎಲ್ಲಿ, ಸ್ಟೌ ಎಲ್ಲಿ, ಚಪ್ಪಲಿ ಗೂಡು ಎಲ್ಲಿ ಅಂತ ಮಾತಾಡ್ಕೊಂಡ್ರಿ. ಅಮ್ಮನ ಮಂಚ ಎಲ್ಲಿ ಅಂತ ಒಬ್ರೂ... ಬಿಡು.

ಏಯ್, ಎಲ್ಲಿಗೆ ಎದ್ದೆ? ಸ್ಪ್ಯಾನರ್ ಯಾಕೆ? ಮಂಚದ ಬೋಲ್ಟು ಯಾಕೇ ಬಿಚ್ತೀಯ?

...ಥೂ, ಹಾಗಲ್ಲ ಕಣೇ! ಆ ಕಾಲು ಮೊದ್ಲೇ ಸಡಿಲ. ತಡಿ, ನಾನು ಹಿಡ್ಕೋತೀನಿ. ಬಾಗಿಲು ಅರ್ಧ ತೆರೆದ್ರೆ ಸಾಕು ಬಿಡು, ನಾನೇನು ಆನೆಯಾ?