ಸಜ್ಜಿ ಹೆಸರು ಹಿಡಿಬ್ಯಾಡ್ರಿ ಅಂದಿದ್ದೆ

ಹಲೋ... ಯಾರು ಮಾತಾಡೂದು? ನಾಗವ್ವನ ನಂಬರ್ ಅಲ್ಲೇನಿದು?...

ಓ, ನಿಜಗುಣ ಅವರಾ. ನಾನ್ರೀ, ರುದ್ರವ್ವ. ನಿಮ್ಮ ಹೆಂಡ್ತಿ ಅಕ್ಕ, ಮತ್ಯಾರು. ಆಕಿ ಫೋನ್ ನಿಮ್ಮ ಕೈಯಾಗ ಹೆಂಗ ಬಂತು? ನಾಗವ್ವ ಎಲ್ಲಿ?...

ಸ್ನಾನಕ್ಕ ಹೋಗ್ಯಾಳಾ? ಇಷ್ಟೊತ್ತಿನಾಗ? ಹಬ್ಬದ ಎಣ್ಣಿ ನೀರು ನಿನ್ನೇನ ಆತಲ್ರಿ... ಇರ್ಲಿ, ಇರ್ಲಿ. ನಾನು ವಾನ್ ಊರಾಗ ಪಿಜ್ಜಾ ಫ್ಯಾಕ್ಟರಿ ಬ್ರೇಕ್‌ನಾಗ ನಿಂತು ಮಾತಾಡಾಕತ್ತೀನಿ. ಹಿಂದ ಪಿಜ್ಜಾ ಲೈನ್ ಸದ್ದು ಕೇಳಾಕತ್ತೈತಲ್ಲ, ಅದ. ಹೇಳ್ರಿ, ನನ್ನ ಸಜ್ಜಿ ಹೆಂಗದಾಳ?...

ಮಲಗ್ಯಾಳಾ. ಹಾಂ. ಗ್ಯಾರೇಜಿನಾಗಾ, ಮನಿ ಒಳಗಾ?...

ಒಳಗ? ನಾಗವ್ವ ಒಳಗ ಬಿಟ್ಟಳಾ? ಸತ್ತ ಬಾತುಕೋಳಿ ಬಾಯಾಗ ಹಿಡಿಯೂ ನಾಯಿ ನನ್ನ ಹೊಸ್ತಿಲಾ ದಾಟಬಾರ್ದು ಅಂತ, ನಾನು ನಾಯಿ ಬಿಟ್ಟು ಹೋದ ದಿನಾನ ಮೈಲಿಗಿ ಅಂತ ತಲಿ ಮ್ಯಾಲೆ ನೀರು ಹಾಕ್ಕೊಂಡಾಕಿ ಆಕಿ... ಹಬ್ಬ ಅಂತ ಮನಸ್ಸು ಕರಗೇತೇನು. ಹಂಗಾರ ಒಂದು ಕೆಲಸ ಮಾಡ್ರಿ. ಫೋನ್ ನಾಯಿ ಕಿವಿಗೆ ಹಿಡೀರಿ. ನಾನು ಒಂದು ಮಾತು ಆಡ್ತೀನಿ. ನನ್ನ ದನಿ ಕೇಳಿದ್ರ ಬಾಲ ನೆಲಕ್ಕ ಬಡೀತಾಳ. ಆ ಸದ್ದು ಕೇಳಿದ್ರ ಸಾಕು ನನಗ...

ಎಬ್ಬಿಸೂದು ಬ್ಯಾಡಾ? ಯಾಕ್ರೀ, ನಾಯಿಗೇನು ನಾಳೆ ಆಫೀಸ್ ಐತೇನು. ಹಿಡೀರಿ ಅಂದೆ...

ನಿಜಗುಣ ಅವರ, ಶಾರದಮ್ಮ ವಿಡಿಯೋ ಹಾಕ್ಯಾಳ. ನಮ್ಮ ಸಂಘದ ವಾಟ್ಸಾಪ್ ಗ್ರೂಪಿನಾಗ... ಹಾಂ, ಅದ ಶಾರದಮ್ಮ, ನಿನ್ನೆ ನಿಮ್ಮ ಮನಿಗೆ ದೀಪಾವಳಿ ಊಟಕ್ಕ ಬಂದಿದ್ದಳಲ್ಲ. ಈಗ ಚಹಾ ಕುಡಿಯೂ ಮುಂದ ನೋಡಿದೆ. ನಿಮ್ಮ ಹಿತ್ತಲದಾಗ ಮಂದಿ ಎಲ್ಲಾ ಪ್ಲೇಟ್ ಹಿಡ್ಕೊಂಡು ನಿಂತಾರ. ನಡುವ ನನ್ನ ನಾಯಿ ಕುಂತಾಳ. ನೀವು ಬಾಟಲಿಯೊಳಗ ರಾಕೆಟ್ ಇಟ್ಟು ಬೆಂಕಿ ಹಚ್ಚಾಕತ್ತೀರಿ. ಅದು ಢಮ್ ಅಂದ ಕೂಡಲೇ ಶಾರದಮ್ಮನ ಕೈ ಅಲ್ಲಾಡಿ ವಿಡಿಯೋ ನಿಂತು ಹೋಗೈತಿ. ಅದರ ಮುಂದ ಏನಾತು, ಅದನ್ನ ನೀವ ಹೇಳ್ರಿ...

ಇಲ್ಲಾ? ಸಜ್ಜಿ ಮನ್ಯಾಗ ಇಲ್ಲಾ?...

ಯಾವಾಗಿಂದ ಇಲ್ಲ?...

ನಿನ್ನೆ ಸಂಜಿಯಿಂದ. ನಿನ್ನೆ ಸಂಜಿಯಿಂದ ನನ್ನ ನಾಯಿ ಇಲ್ಲ, ಮತ್ತ ಮುಂಜಾನೆ ನಾಗವ್ವ ನನಗ ಮೆಸೇಜ್ ಹಾಕ್ಯಾಳ. ಊಟ ಮಾಡಿದಳು ಅಕ್ಕಾ, ಆರಾಮ್ ಅದಾಳ ಅಂತ. ಮ್ಯಾಲೊಂದು ಫೋಟೋ ಬ್ಯಾರೆ. ಆ ಫೋಟೋದಾಗ ಬಿಸಿಲೈತಿ ನಿಜಗುಣ. ಇವತ್ತು ಮುಂಜಾನೆಯಿಂದ ಇಲ್ಲಿ ಬಿಸಿಲು ಎಲ್ಲಿ ಬಿದ್ದೈತಿ, ನನಗ ತೋರಿಸು...

ಸ್ನಾನ ಮುಗೀತಾ ಆಕೀದು? ಬ್ಯಾಡ, ಫೋನ್ ಆಕಿಗೆ ಕೊಡಬ್ಯಾಡ. ಆಕಿ ಅಳಾಕ ಸುರು ಮಾಡಿದ್ರ ನನ್ನ ಬ್ರೇಕ್ ಮುಗದ ಹೋಗ್ತೈತಿ. ನೀನ ಮಾತಾಡು... ಹೌದು, ನೀನು ಅಂದೆ. ಇಷ್ಟು ವರ್ಷ ತಂಗಿ ಗಂಡ ಅಂತ ರೀ ಹಚ್ಚಿ ಮಾತಾಡಿಸಿದೆ. ಅದು ಇವತ್ತಿಗೆ ಮುಗೀತು...

ಏನು, ಚಾರ್ಜ್ ಕಡಿಮಿ ಐತಾ? ಚಾರ್ಜ್ ನೆವ ಹೇಳಿ ಕಟ್ ಮಾಡಿದ್ರ ನಾನು ಊಬರ್ ಮಾಡ್ಕೊಂಡು ಸೀದಾ ಮಾಲ್ಟನ್‌ಗೆ ಬರ್ತೀನಿ, ನಿಮ್ಮ ಓಣಿ ಮಂದಿಗೆಲ್ಲಾ ಕೇಳೂ ಹಂಗ ಮಾತಾಡ್ತೀನಿ...

ಹಾಂ. ಗುಂಡಿನ ಸದ್ದಿಗೂ ಆಕಿ ಅಂಜಂಗಿಲ್ಲ ಅಂತ ನಾನು ಹೇಳಿದ್ದೆ. ಖರೇ. ಹೇಳಿದ್ದೆ. ಅದಕ್ಕ ಮಂದಿಗೆ ತೋರಿಸೂಣು ಅಂತ ಮಾಡಿದಿ? ಅಲ್ಲೋ ಮಾರಾಯ, ಆಕಿಗೆ ಅಂಜಿಕಿ ಬಿಡಿಸಾಕ ನಾನು ಎಷ್ಟು ಪಾಡು ಪಟ್ಟೀನಿ ಗೊತ್ತೈತೇನು ನಿನಗ? ಮರಿ ಇದ್ದಾಗ ಊಟ ಹಾಕೂ ಮುಂದ ದೂರದಾಗ ನಿಂತು ಚಪ್ಪಾಳಿ ಹೊಡೀತಿದ್ದೆ. ಆಮ್ಯಾಲೆ ತಾಟು ಬಡಿದೆ. ಆಮ್ಯಾಲೆ ಕಿಂಗ್ ಸಿಟಿ ಆಚೆ ಬ್ಯಾಟಿ ನಾಯಿ ಕಲಿಸೂ ಹೊಲಕ್ಕ ಭಾನುವಾರ ಭಾನುವಾರ ಕರ್ಕೊಂಡು ಹೋಗಿ, ಯಾರೋ ಅಷ್ಟು ದೂರದಾಗ ಬಂದೂಕು ಹೊಡದ್ರ ಇಲ್ಲಿ ಆಕಿ ಬೆನ್ನು ಸವರಿಕೋತ ಕುಂತೀನಿ, ಥಂಡ್ಯಾಗ, ಕೆಸರಿನಾಗ. ನಿನ್ನ ಮನಿಗೆ ಬಂದವರಿಗೆ ಹೋಳಿಗಿ ಜೋಡಿ ಸರ್ಕಸ್ ತೋರಿಸಾಕ ಅಲ್ಲ...

ಏನಂದಿ? ಇನ್ನೊಮ್ಮೆ ಅನ್ನು...

ಲಿಂಗಾಯತರ ಮನಿ ಹೆಣ್ಣುಮಗಳಿಗೆ ಬ್ಯಾಟಿ ನಾಯಿ ಯಾಕ ಬೇಕಿತ್ತು ಅಂತಾ? ನಾಯಿ ಕಳದವನು ನೀನು, ಪ್ರಶ್ನಿ ನನಗ? ಕೇಳು ಇಲ್ಲೆ. ನಾನು ಬಂದೂಕು ಮುಟ್ಟಿಲ್ಲ. ಒಂದು ಹಕ್ಕಿ ಹೊಡದಿಲ್ಲ, ತಿಂದಿಲ್ಲ. ಹೊಡಿಯೂ ಮಂದಿ ಹೊಡದು ಮುಂದಕ್ಕ ಹೋಗ್ತಾರ. ಗಾಯ ಆಗಿದ್ದು ಎಲ್ಲೋ ಜೊಂಡಿನಾಗ ಬಿದ್ದು ಜೀವಾ ಹಿಡ್ಕೊಂಡು ಒದ್ದಾಡಿಕೋತ ಇರ್ತೈತಿ. ಅದನ್ನ ಹುಡುಕಿ ತರೂದು ನನ್ನ ನಾಯಿ ಕೆಲಸ. ಹಸಿ ತತ್ತಿ ಬಾಯಾಗ ಕೊಟ್ರೂ ಒಡಿಯಂಗಿಲ್ಲ ಆಕಿ, ಅಷ್ಟು ಹಗೂರ ಹಿಡೀತಾಳ. ನಿನಗೊಂದು ಗಾಜಿನ ಲೋಟಾ ಕೊಟ್ರ ಎರಡು ದಿನ ಬಾಳಂಗಿಲ್ಲ...

ನಾನು ಇಡೀ ವಾರ ಇಲ್ಲಿ ಮಂದಿ ಹೇಳಿದ್ದು ಕೇಳ್ತೀನಿ ನಿಜಗುಣ. ಫಾಸ್ಟ್ ಅಂದ್ರ ಫಾಸ್ಟ್, ನಿಲ್ಲು ಅಂದ್ರ ನಿಲ್ಲೂದು. ಆ ಹೊಲದಾಗ ಒಂದ ಸೀಟಿ ಊದಿದ್ರ ಅಷ್ಟು ದೂರ ಓಡೂ ನಾಯಿ ಗಕ್ಕನ ನಿಂತು, ಕುಂತು, ನನ್ನ ಮಾರಿ ನೋಡ್ತಾಳ. ಮುಂದ ಏನು ಮಾಡಲಿ ಅಂತ ನನಗ ಕೇಳ್ತಾಳ. ಈ ದೇಶದಾಗ ನನಗ ಹಂಗ ಕೇಳೂ ಜೀವ ಅದೊಂದ ಐತಿ. ಓವರ್‌ಟೈಮ್ ವಾರ, ಆಕಿ ನನ್ನ ಥಾರ್ನ್‌ಹಿಲ್ ಬಾಡಿಗಿ ಬೇಸ್‌ಮೆಂಟಿನಾಗ ಒಬ್ಬಾಕಿನ ಬಿದ್ದಿರಬಾರ್ದು ಅಂತ ನಿಮ್ಮ ಕೈಯಾಗ ಕೊಟ್ಟು ಬಂದೆ...

ಅಳೂದಿಲ್ಲ ನಾನು. ಸಿಟ್ಟು ಬಂದೈತಿ. ಹೇಳು, ಎಲ್ಲೆಲ್ಲಿ ಹುಡುಕಿದಿ?...

ಡೆರಿ ರೋಡ್... ಏರ್‌ಪೋರ್ಟ್ ರೋಡ್... ಪ್ಲಾಜಾ ಹಿಂದ. ಊಟಕ್ಕ ಬಂದವರೆಲ್ಲಾ ಕಾರ್ ತಗೊಂಡು ಹೋಗಿದ್ದರಾ? ಹಾಂ. ಟ್ರಕ್ ಓಡಾಡೂ ರೋಡ್ ಅವು, ರೋಡ್ ಬಾಜೂಕ ಏನಾರ... ಇಲ್ಲ? ಏನೂ ಕಂಡಿಲ್ಲ? ಖರೇ ಹೇಳು, ನನಗ ಮತ್ತೊಂದು ಸುಳ್ಳು ಬ್ಯಾಡ...

ಸರಿ. ಕಾರಿನಾಗ ಕುಂತು ಏನು ಮಾಡಿದಿರಿ, ಬರೇ ನೋಡಿದಿರಾ?...

ಕಿಟಕಿ ತಗದು ಕೂಗಿದಿರಾ. ಏನಂತ ಕೂಗಿದಿರಿ?...

ಹೆಸರು? ಆಕಿ ಹೆಸರು ಕೂಗಿದಿರಾ?...

ಇರು. ಇರು ನಿಜಗುಣ. ಒಂದು ಕೇಳ್ತೀನಿ, ಸರಿಯಾಗಿ ನೆನಪು ಮಾಡಿಕೊಂಡು ಹೇಳು. ರಾಕೆಟ್ ಢಮ್ ಅಂದಾಗ, ಆಗೂ ಹೆಸರು ಕೂಗಿದಿಯಾ? ಆಕಿ ಓಡೂದಕ್ಕ ಮೊದಲ?...

ಸಮಾಧಾನ ಮಾಡಾಕ. ಸಜ್ಜಿ, ಸಜ್ಜಿ, ಏನಾಗಿಲ್ಲ ಅಂತ. ನನ್ನ ಕರ್ಮ...

ಬಿಟ್ಟು ಹೋದ ದಿನ ನಾನು ಏನು ಹೇಳಿದ್ದೆ? ನಿಮ್ಮ ಬಾಗಲಾಗ ನಿಂತು, ಚಪ್ಪಲಿ ಹಾಕ್ಕೋತ ಏನು ಹೇಳಿದ್ದೆ? ಹೊರಗ ಆಕಿ ಹೆಸರು ಹಿಡಿಬ್ಯಾಡ್ರಿ. ನಾಗವ್ವ ಹೆಂಗ ಗಂಡನ ಹೆಸರು ಹಿಡಿಯಂಗಿಲ್ಲೋ ಹಂಗ ನೀವು ನನ್ನ ನಾಯಿ ಹೆಸರು ಹಿಡಿಬ್ಯಾಡ್ರಿ ಅಂದಿದ್ದೆ. ನೀನು ನಕ್ಕಿದಿ. ನಾಯಿಗೂ ಗಂಡನ ಮರ್ಯಾದಿ ಬಂತು ನೋಡು ಅಂತ ನಾಗವ್ವನ ಮಾರಿ ನೋಡಿ ನಕ್ಕಿದಿ. ಆಕೀನೂ ನಕ್ಕಳು...

ಯಾಕ ಅಂದ್ರ ಅದು ಹುಕುಮ್, ಅದಕ್ಕ. ಬ್ಯಾಟಿ ನಾಯಿಗಳಿಗೆ ಹಂಗ ಕಲಿಸ್ತಾರ. ಬಂದೂಕು ಢಮ್ ಅಂತೈತಿ, ಹಕ್ಕಿ ಮ್ಯಾಲಿಂದ ಬೀಳ್ತೈತಿ, ನಾಯಿ ಅಳ್ಳಾಡದಂಗ ಕುಂತು ಎಲ್ಲಿ ಬಿತ್ತು ಅಂತ ನೋಡ್ತಿರ್ತೈತಿ. ಪಕ್ಕದಾಗ ಬ್ಯಾರೆ ನಾಯಿನೂ ಕುಂತಿರ್ತಾವ. ಯಾರ ಹೆಸರು ಕೂಗಿದರೋ ಆ ನಾಯಿ ಅಷ್ಟ ಹೋಗಿ ಅದನ್ನ ತರಬೇಕು. ಹೆಸರು ಅಂದ್ರ ಹೋಗು ಅಂತ. ತಿಳೀತಾ? ನೀನು ಢಮ್ ಅನಿಸಿದಿ, ಮ್ಯಾಲಿಂದ ಏನೋ ಬಿತ್ತು, ಹೆಸರು ಕೂಗಿದಿ...

ಅಂಜಿ ಓಡಿದಳು ಅಂತಿಯಲ್ಲ, ಬಾಲ ಹೆಂಗಿತ್ತು? ಕಾಲೊಳಗ ಸೇರಿಸಿಕೊಂಡಿದ್ದಳಾ, ಮ್ಯಾಲಿತ್ತಾ?...

ಮ್ಯಾಲ. ನೆಟ್ಟಗ ಓಡಿದಳು, ಹೌದಲ್ಲ? ಬಾಣ ಬಿಟ್ಟಂಗ?...

ಆಕಿ ಓಡಿಹೋಗಿಲ್ಲೋ. ಕೆಲಸಕ್ಕ ಹೋಗ್ಯಾಳ. ನೀನು ಕಳಿಸಿದಿ, ಆಕಿ ಹೋದಳು. ಆಮ್ಯಾಲೆ ಮಾಲ್ಟನ್ ತುಂಬ ಕಾರಿನಾಗ ಕುಂತು ಹೋಗು, ಇನ್ನೂ ಹೋಗು, ಇನ್ನೂ ದೂರ ಹೋಗು ಅಂತ ಎಲ್ಲಾರೂ ಕೂಡಿ ಕೂಗಿ ಬಂದೀರಿ. ಆಹಾ. ಶಾಣ್ಯಾ ಮಂದಿ...

ಸೀಟಿ ಊದಿದ್ರ ಬರ್ತಿದ್ದಳು. ಆಕಿ ಊಟದ ಚೀಲದಾಗ ಸೀಟಿ ಇಟ್ಟಿದ್ದೆ. ಚೀಲ ಬಿಚ್ಚೇ ಇಲ್ಲ? ಮತ್ತ ಇಷ್ಟು ದಿನ ಏನು ತಿನ್ನಿಸಿದಿರಿ ಆಕಿಗೆ... ಚಪಾತಿ ಹಾಲು. ಇರ್ಲಿ, ಅದರ ಜಗಳ ಬ್ಯಾರೆ ದಿನ ಮಾಡ್ತೀನಿ...

ಟೂ ಮಿನಿಟ್ಸ್, ಪ್ಲೀಸ್. ಫ್ಯಾಮಿಲಿ ಎಮರ್ಜೆನ್ಸಿ. ಯೆಸ್, ಫ್ಯಾಮಿಲಿ... ನಿನಗಲ್ಲ, ನಮ್ಮ ಸೂಪರ್‌ವೈಸರ್‌ಗೆ ಅಂದೆ. ಮತ್ತ ಫ್ಯಾಮಿಲಿ ಅಂದ್ರ ನೀನು ಅಂತ ತಿಳ್ಕೊಬ್ಯಾಡ, ಆಕಿ...

ಈಗ ಕೇಳು. ರಾಕೆಟ್ ಯಾವ ಕಡೆ ಹೋತು?...

ಹಿಂದಿನ ಹಲಗಿ ಗೇಟಿನ ಆಚೆ, ಕರೆಂಟ್ ಟವರ್ ಕೆಳಗ ಹುಲ್ಲು ಐತಲ್ಲ, ಆ ಕಡೆ. ಗೇಟು ತಗದಿತ್ತಾ? ಹಾಂ, ಮತ್ತ ನೀನು ಎಲ್ಲಿ ನಿಂತಿದ್ದಿ, ಹೆಸರು ಕೂಗೂ ಮುಂದ?...

ಗೇಟಿನಾಗ. ಗೇಟಿನಾಗ ನಿಂತು ಕೂಗಿದಿ. ಆಮ್ಯಾಲೆ ಆಕಿ ಹೋದ ಮ್ಯಾಲೆ ಆ ಗೇಟು ಏನು ಮಾಡಿದಿರಿ?...

ಹಾಕಿದಿರಿ. ಕೊಂಡಿನೂ ಹಾಕಿದಿರಿ. ಯಾಕ... ಮಂದಿ ಎಲ್ಲಾ ಕಾರ್ ತಗೊಂಡು ಹೊಂಟರು, ಕಳ್ಳರು ಬಂದಾರು ಅಂತ. ಆಮ್ಯಾಲೆ ಆ ಗೇಟು ಯಾರಾರ ತಗದೀರಾ? ಮುಂಜಾನೆ?...

ಯಾರೂ ತಗದಿಲ್ಲ...

ನಿಜಗುಣ, ಹಿಂದಕ್ಕ ನಡಿ. ಈಗ. ಫೋನ್ ಹಿಡ್ಕೊಂಡು ನಡಿ...

ಯಾಕ ಅಂತ ಕೇಳಬ್ಯಾಡ, ನಡಕೋತ ಕೇಳು. ಕಳಿಸಿದ ನಾಯಿ ಎಲ್ಲಿಂದ ಕಳಿಸಿದರೋ ಅಲ್ಲಿಗೇ ಬರ್ತೈತಿ. ಕಳಿಸಿದವರ ಕೈಯಾಗ ತಂದು ಕೊಡಬೇಕು, ಅಲ್ಲೀತನಕಾ ಆಕಿ ಕೆಲಸ ಮುಗಿಯಂಗಿಲ್ಲ. ನೀವೆಲ್ಲಾ ಏರ್‌ಪೋರ್ಟ್ ರೋಡಿನಾಗ ಕೂಗಾಡಿದಿರಿ, ಆಕಿ ಎಲ್ಲಿಗೆ ಬರಬೇಕು? ಎಲ್ಲಿಗೆ ಬರಬೇಕು ಹೇಳು...

ಬೊಗಳಿದ್ದು ಕೇಳಿಲ್ಲ ಅಂತಿಯಾ. ಬೊಗಳಂಗಿಲ್ಲ. ಬಾಯಾಗ ಏನಾರ ಇದ್ರ ಬೊಗಳಬಾರ್ದು, ಬಾಯಿ ತಗದ್ರ ಬಿದ್ದು ಹೋಗ್ತೈತಿ. ಹಂಗ ಕಲಿಸೀನಿ ನಾನು...

ಗೇಟು ಬಂತಾ? ಕೊಂಡಿ ಬಿಗಿ ಆಗೈತಾ? ಮಂಜು ಬಿದ್ದೈತಿ, ಎತ್ತಿ ಜಗ್ಗು. ಜಗ್ಗು ನಿಜಗುಣ...

ಏನು?...

ಏನಾತು, ಮಾತಾಡು. ಅದಾಳೇನು?...

ಕುಂತಾಳ.

ಕುಂತಾಳ... ಜೀವಂತ ಅದಾಳಲ್ಲ? ನಡಗಾಕತ್ತಾಳಾ? ಮೈ ಮ್ಯಾಲೆ ಮಂಜು... ಹಾಂ. ಹಾಂ. ಅಯ್ಯ ನಮ್ಮವ್ವ...

ಬಾಯಾಗ ಏನೈತಿ? ಕಡ್ಡಿ. ರಾಕೆಟ್ ಕಡ್ಡಿ ಏನದು?... ಸುಟ್ಟ ಕಡ್ಡಿ ಹುಡುಕಿ ತಂದು ಕೊಂಡಿ ಹಾಕಿದ ಗೇಟಿನ ಮುಂದ ಕುಂತಾಳ. ಇಡೀ ರಾತ್ರಿ. ನೀವು ಒಳಗ ಹೀಟರ್ ಹಚ್ಚಿಕೊಂಡು ನನಗ ಏನು ಹೇಳೂದು ಅಂತ ಯೋಚನಿ ಮಾಡೀರಿ. ನಾಗವ್ವ ಬಿಸಿಲಿನ ಫೋಟೋ ಹುಡುಕ್ಯಾಳ. ನನಗ ನಿನ್ನ ಮಾರಿ ನೋಡಾಕ ಆಗಂಗಿಲ್ಲ ನಿಜಗುಣ, ಇವತ್ತು ನಾನು ಬಂದಾಗ ನೀನು ಮುಂದ ಬರಬ್ಯಾಡ...

ಬ್ಯಾಡ. ಎಳೀಬ್ಯಾಡ. ಬಾಯಾಗಿಂದ ಎಳೀಬ್ಯಾಡ ಅದನ್ನ. ಕುಂಡರು ಕೆಳಗ. ಹುಲ್ಲು ಹಸಿ ಇದ್ರ ಇರ್ಲಿ, ಪ್ಯಾಂಟು ತೊಳೀಬಹುದು. ಅಂಗೈ ಆಕಿ ಗದ್ದದ ಕೆಳಗ ಹಿಡಿ. ತಾ ಅನ್ನು. ಮೆತ್ತಗ. ಹೆಸರು ಹಿಡಿದೀ ಅಂದ್ರ ನೋಡು, ಮತ್ತ ಎದ್ದು ಹೋಗ್ತಾಳ. ಬರೇ ತಾ...

ಕೊಡವಲ್ಲಳಾ? ನಿನ್ನ ಮಾರಿ ನೋಡಾಕತ್ತಾಳಾ... ನಿನ್ನ ದನಿ ಆಕಿಗೆ ಬ್ಯಾಡ ಆಗಿರಬೇಕು. ಬಾಯಿ ಗಟ್ಟಿ ಹಿಡದಾಳಾ? ಥಂಡಿಗೆ ದವಡಿ ಹಿಡ್ಕೊಂಡಿರಬೇಕು. ಅಯ್ಯೋ...

ಫೋನ್ ಕೊಡು ಆಕಿಗೆ. ಕಿವಿಗೆ ಹಿಡಿ. ಈಗಾದ್ರೂ ಹಿಡಿ, ಆಗ ಹಿಡೀ ಅಂದಾಗ ಹಿಡೀಲಿಲ್ಲ ನೀನು...

ಹಿಡದಿಯಾ?...

ತಾ... ನಾನವ್ವ... ಹೆಸರು ಹಿಡಿಯಾಕ ಬರಂಗಿಲ್ಲ ನನಗ, ತಿಳ್ಕೊ... ಚೊಲೋ ಕೆಲಸ ಮಾಡಿದಿ. ಭಾಳ ಚೊಲೋ ಮಾಡಿದಿ ನನ್ನ ಬಂಗಾರ. ಮುಗೀತು, ಕೆಲಸ ಮುಗೀತು... ತಾ... ತಾ ನಮ್ಮವ್ವ, ತಾ...

ಕೊಟ್ಟಳಾ?...

ನಿಜಗುಣ, ಟಪ್ ಟಪ್ ಅಂತ ನೆಲಕ್ಕ ಬಡಿಯೂದು ಬಾಲದ ಸದ್ದೇನದು? ಕೊಟ್ಟಳಾ? ಹಲೋ... ಚಾರ್ಜ್ ಖರೇನ ಮುಗೀತೇನು... ಹಲೋ...